ಒಣಗದ ಲೋಳಸರ

ಮಳೆ ಹಿಂದೆ ಸರಿದು ಗದ್ದೆಯ ಭತ್ತ ತೆನೆ ಬಾಗಿದ್ದ ಕಾಲ. ದೀಪಾವಳಿಯ ಎಣ್ಣೆನೀರಿನ ದಿನ, ಮೂಡಣ ಇನ್ನೂ ಬೆಳ್ಳಗಾಗದ ಹೊತ್ತು. ಬಚ್ಚಲ ಒಲೆಯಲ್ಲಿ ಕಬ್ಬಿನ ಒಣಗರಿಯ ರವದಿ ಚಟಚಟ ಉರಿಯುತ್ತಿತ್ತು. ಮೊಮ್ಮಗ ಲೋಕೇಶನನ್ನು ಮಣೆಯ ಮೇಲೆ ಕೂರಿಸಿಕೊಂಡು ನಾನು ಎಣ್ಣೆ ಹಚ್ಚುತ್ತಿದ್ದೆ. ನಮ್ಮ ಮನೆಯಲ್ಲಿ ಹಬ್ಬದ ಎಣ್ಣೆ ಹಚ್ಚುವುದು ಹಿರಿಯ ಹೆಂಗಸಿನ ಪಾಲಿನ ಕೆಲಸ. ಗಂಡಸರು ಎಷ್ಟು ದೊಡ್ಡವರಾದರೂ ಅವತ್ತೊಂದು ದಿನ ಕೂಸಿನಂತೆ ಮೈ ಒಪ್ಪಿಸಿ ಕೂರುತ್ತಾರೆ.

ನೆತ್ತಿ, ಬೆನ್ನು, ತೋಳು ಮುಗಿಸಿ ಕೈ ಹೊಟ್ಟೆಗೆ ಇಳಿಯಿತು. ಎಡಗಡೆ, ಪಕ್ಕೆಲುಬಿನ ಕೆಳಗೆ ಬಂದಾಗ ತಡೆಯಿತು. ಎಣ್ಣೆಯ ಕೈ ಎಲ್ಲೂ ನಿಲ್ಲಬಾರದು, ಅಲ್ಲಿ ನಿಂತಿತು. ಚರ್ಮದ ಕೆಳಗೆ ಗಟ್ಟಿಯಾದದ್ದೇನೋ ಇತ್ತು. ಅದಕ್ಕೊಂದು ಅಂಚೂ, ಅಂಚಿನಲ್ಲೊಂದು ಕಚ್ಚೂ ಇತ್ತು. ಅವನು ಉಸಿರು ಎಳೆದುಕೊಂಡರೆ ಅದು ಕೆಳಗೆ ಬಂದು ನನ್ನ ಬೆರಳನ್ನು ಮುಟ್ಟುತ್ತಿತ್ತು, ಬಿಟ್ಟರೆ ಹಿಂದಕ್ಕೆ ಸರಿಯುತ್ತಿತ್ತು.

"ಆಯಿ, ಕಚಗುಳಿ ಇಡಬ್ಯಾಡ ಬೇ," ಎಂದು ಅವನು ನಕ್ಕ.

ನಾನು ನಗಲಿಲ್ಲ. ಈ ಗಂಟನ್ನು ನನ್ನ ಕೈ ಹಿಂದೊಮ್ಮೆ ಮುಟ್ಟಿತ್ತು. ನನ್ನ ತವರು ಮುಂಡಗೋಡದ ಹತ್ತಿರದ ಸನವಳ್ಳಿ. ಮದುವೆಗೆ ಮುಂಚೆ ಒಂದು ದೀಪಾವಳಿಗೆ ಅವ್ವನಿಗೆ ಕೈನೋವು ಬಂದು, ಅಣ್ಣ ಅಡಿವೆಪ್ಪನಿಗೆ ಎಣ್ಣೆ ಹಚ್ಚುವ ಕೆಲಸ ನನಗೆ ಬಂದಿತ್ತು. ಅವನಿಗೂ ಇಲ್ಲೇ, ಹೀಗೇ ಇತ್ತು. ಅವನೂ ಹೀಗೇ ನಕ್ಕಿದ್ದ. ಅದೇ ಸುಗ್ಗಿಯಲ್ಲಿ ಹುಲ್ಲು ಹೇರುವಾಗ ಎತ್ತು ಬೆದರಿ, ಬಂಡಿಯ ನೊಗ ಕಟ್ಟುವ ಮೂಕಿ ಅವನ ಹೊಟ್ಟೆಗೆ ಬಡಿಯಿತು. ಚರ್ಮ ಸಹ ಹರಿದಿರಲಿಲ್ಲ. ಎದ್ದು ಕೂತು ನೀರು ಕೇಳಿದ. ಎಡಭುಜ ನೋಯುತ್ತದೆ, ತಿಕ್ಕು ಎಂದ. ತಿಕ್ಕಿದೆ. ಹೊತ್ತು ಮುಳುಗುವುದರೊಳಗೆ ಬಿಳಿಚಿಕೊಂಡು, ಹೆಂಡತಿಯನ್ನೂ ತೊಟ್ಟಿಲ ಕೂಸನ್ನೂ ಬಿಟ್ಟು ಹೋಗಿಬಿಟ್ಟ. ಹೊಟ್ಟೆಗೆ ಪೆಟ್ಟು ಬಿದ್ದವನಿಗೆ ಭುಜ ಯಾಕೆ ನೋಯಬೇಕಿತ್ತು ಎಂಬುದು ಅಂದಿನಿಂದ ನನ್ನೊಳಗೆ ಉಳಿದುಬಿಟ್ಟಿದೆ. ಕೇಳಿದರೆ ಊರವರು ದೆವ್ವದ ಏಟು ಎಂದಿದ್ದರು.

ಹಂಡೆಗೆ ನೀರು ಹೊಯ್ಯಲು ಬಂದ ಸೊಸೆ ಶಾಂತಾದೇವಿಗೆ ಇಷ್ಟು ಮಾತ್ರ ಹೇಳಿದೆ, ಅಡಿವೆಪ್ಪಣ್ಣನಿಗೂ ಇಲ್ಲೇ ಹೀಗೇ ಗಂಟಿನಂಥ ಗಡ್ಡಿ ಇತ್ತು ಎಂದು. ಅವಳ ಕೈಯ ತಂಬಿಗೆ ಅಲ್ಲೇ ನಿಂತಿತು.

"ಅತ್ತಿ, ಹಬ್ಬದ ದಿನ ಸತ್ತವರ ಹೆಸರು ತೆಗೀಬ್ಯಾಡ್ರಿ," ಎಂದಳು. ಆದರೆ ತಂಬಿಗೆ ಕೆಳಗಿಟ್ಟು ತಾನೂ ಮಗನ ಹೊಟ್ಟೆ ಮುಟ್ಟಿ ನೋಡಿದಳು. ಆಮೇಲೆ ಆ ದಿನವೆಲ್ಲ ಅವಳು ಒಂದು ಕಡೆ ಕೂರಲಿಲ್ಲ. ಹೋಳಿಗೆಯ ಹೂರಣ ತಳ ಹಿಡಿಯಿತು.

ಲೋಕೇಶನ ಕೆಲಸ ಗಣೇಶಗುಡಿಯಲ್ಲಿ. ಸೂಪಾ ಆಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ಹೊಳೆ ಬಂಡೆಗಳ ನಡುವೆ ನೊರೆ ಕಟ್ಟಿಕೊಂಡು ಇಳಿಯುತ್ತದೆ. ಊರೂರಿನಿಂದ ಬಂದ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಆ ನೊರೆಯ ಮೇಲೆ ಹಾಯಿಸುವವರಲ್ಲಿ ಇವನೂ ಒಬ್ಬ. ನಮ್ಮದು ಹಳಿಯಾಳದ ಮಗ್ಗುಲ ಹಳ್ಳಿ, ಕಬ್ಬು ಭತ್ತದ ಒಕ್ಕಲುತನ. ಮನೆತನದಲ್ಲಿ ಹೊಳೆಗೆ ಇಳಿದವರು ಯಾರೂ ಇರಲಿಲ್ಲ. ಇವನಿಗೆ ಮಾತ್ರ ಹೊಳೆ ಎಂದರೆ ಪ್ರಾಣ. ಮಳೆಗಾಲದಲ್ಲಿ ದೋಣಿ ನಿಂತು ಮನೆಯಲ್ಲಿ ಕೂತಾಗ ಹುಲ್ಲು ಮೇಯದ ದನದಂತೆ ಸೊರಗುತ್ತಿದ್ದ. ದೋಣಿಯ ಹಂಗಾಮು ಆಗಷ್ಟೇ ತೆರೆದಿತ್ತು.

ಅವನ ಕಣ್ಣಿನ ವಿಷಯವನ್ನೂ ಹೇಳಬೇಕು. ಹುಟ್ಟಿದಾಗಿನಿಂದ ಅವನ ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ, ಹಳೆಯ ಬೆಣ್ಣೆಯ ಬಣ್ಣ. ಜ್ವರ ಬಂದರೆ ಅರಿಶಿಣವೇ ಆಗುತ್ತಿತ್ತು. ಕಾಮಾಲೆ ಎಂದು ಎಷ್ಟೋ ಸಲ ಬೇರು ಕುಡಿಸಿದ್ದೆವು. ನನ್ನ ಮಗ, ಅಂದರೆ ಅವನ ಅಪ್ಪ ಕರಿಬಸಪ್ಪನಿಗೂ ಕಣ್ಣು ಸ್ವಲ್ಪ ಹಾಗೆಯೇ. ನಮ್ಮಪ್ಪನಿಗೂ ಇತ್ತು, ಅಡಿವೆಪ್ಪಣ್ಣನಿಗಂತೂ ದೂರದಿಂದ ಕಾಣುತ್ತಿತ್ತು. ನಮ್ಮವ್ವ ಅದನ್ನು ಮನೆತನದ ಕಣ್ಣು ಎನ್ನುತ್ತಿದ್ದಳು. ಮೂಗು ಬಂದ ಹಾಗೆ, ನಡಿಗೆ ಬಂದ ಹಾಗೆ, ಅದೂ ಬರುತ್ತದೆ ಎಂದು ನಾವು ಸುಮ್ಮನಿದ್ದೆವು.

ಡಾಕ್ಟರ ಹತ್ತಿರ ಹೋಗೋಣ ಎಂದರೆ ಲೋಕೇಶ ಒಪ್ಪಲಿಲ್ಲ. ಹೊಟ್ಟೆ ಮುಟ್ಟಿದ ಡಾಕ್ಟರು ಮೊದಲು ಹೇಳುವ ಮಾತೇ ಹೊಳೆಗೆ ಇಳಿಯಬೇಡ ಎಂಬುದು, ಅದು ತನಗೆ ಕೇಳಬೇಕಾಗಿಲ್ಲ ಎಂದ. ಕರಿಬಸಪ್ಪ ಬೈದ. ಶಾಂತಾದೇವಿ ಅತ್ತಳು. ಅವನು ಬೈಕಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಅಂಗಳದಲ್ಲಿ ಹೊರಗೆ ಒಳಗೆ ಮಾಡಿದ. ಕೊನೆಗೆ ಅವನೇ ಒಂದು ದಾರಿ ತೆಗೆದ, ಮನ್ಸೂರ ಚಾಚಾನ ಹತ್ತಿರ ಬೇಕಾದರೆ ಬರುತ್ತೇನೆ ಎಂದು.

ಮನ್ಸೂರಸಾಬನಿಗೆ ಹಳಿಯಾಳದ ಪೇಟೆಯಲ್ಲಿ ಕುರಿ ಮಾಂಸದ ಅಂಗಡಿ. ಹೊಟ್ಟೆಯ ಎಡಗಡೆಯ ಈ ಗಡ್ಡಿಗೆ ಅವರ ಮಾತಿನಲ್ಲಿ ತಿಲ್ಲಿ ಎನ್ನುತ್ತಾರೆ. ಕುರಿಗೂ ಅದು ಇರುತ್ತದೆ, ನಮಗೂ ಇರುತ್ತದೆ. ಅವನ ಅಪ್ಪನ ಕಾಲದಿಂದ ಅವರ ಮನೆಯಲ್ಲಿ ತಿಲ್ಲಿ ಕೊಯ್ಯುವ ಪದ್ಧತಿ ಉಂಟು. ರೋಗಿಯನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಬಟ್ಟೆ ಹಾಸಿ, ಆಗಷ್ಟೇ ಕೊಯ್ದ ಕುರಿಯ ತಿಲ್ಲಿಯನ್ನು ಅದರ ಮೇಲಿಟ್ಟು, ಏನೋ ಓದಿಕೊಳ್ಳುತ್ತ ಚಾಕುವಿನಿಂದ ಅದಕ್ಕೆ ಗೀರು ಹಾಕುತ್ತಾರೆ. ಆಮೇಲೆ ಅದನ್ನು ದಾರದಲ್ಲಿ ಪೋಣಿಸಿ ಒಲೆಯ ಮೇಲೆ ಹೊಗೆಗೆ ತೂಗುಹಾಕಬೇಕು. ಅದು ಒಣಗಿದ ಹಾಗೆ ಹೊಟ್ಟೆಯೊಳಗಿನದೂ ಒಣಗುತ್ತದೆ ಎಂದು ನಂಬಿಕೆ. ಆಣೆಕಟ್ಟು ಕಟ್ಟುವ ಕಾಲದಲ್ಲಿ ಅಂಬಿಕಾನಗರ, ಗಣೇಶಗುಡಿಯ ಕೂಲಿಗಳು ಚಳಿಜ್ವರ ಬಿದ್ದು ಹೊಟ್ಟೆ ಊದಿಸಿಕೊಂಡು ಅವನ ಅಪ್ಪನ ಮನೆ ಬಾಗಿಲಲ್ಲಿ ಸಾಲು ಕೂರುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಚ್ಚಿನವರು ಗುಣವಾಗಿಯೇ ಹೋದರು.

ಆದರೆ ನಾವು ಲಿಂಗವಂತರು. ಮಾಂಸ ಮನೆಯೊಳಗೆ ಬರುವ ಹಾಗಿಲ್ಲ. ನಮ್ಮಂಥವರಿಗೆಂದು ಮನ್ಸೂರಸಾಬ ಬೇರೆ ವ್ಯವಸ್ಥೆ ಮಾಡಿಕೊಂಡಿದ್ದ. ಅಂಗಡಿಯ ಹಿಂದಿನ ಮನೆಯಂಗಳದ ಕುಂಡದಿಂದ ದಪ್ಪನೆಯ ಲೋಳಸರದ ಎಲೆಯೊಂದನ್ನು ಬುಡದ ದಂಟಿನ ಚೂರುಸಮೇತ ಕಿತ್ತುಕೊಂಡು ಬಂದ. ಚಾಕುವನ್ನೂ ಬೇರೆ ತಂದ, ಹಣ್ಣು ಕೊಯ್ಯುವುದು. ಲೋಕೇಶನನ್ನು ಚಾಪೆಯ ಮೇಲೆ ಮಲಗಿಸಿ ಮೊದಲು ಹೊಟ್ಟೆ ಮುಟ್ಟಿದ. ಬಹಳ ಹೊತ್ತು ಮುಟ್ಟಿದ. ಚಳಿಜ್ವರ ಬಂದಿತ್ತೇನು ಎಂದು ಕೇಳಿದ. ಕಾಡಿನಲ್ಲಿ ಇರುವವನು, ಬಂದಿರಲೂಬಹುದು ಎಂದೆವು. ಎಲೆಗೆ ಏಳು ಗೀರು ಹಾಕಿದ. ಹಸಿರು ಲೋಳೆ ಬಟ್ಟೆಯ ಮೇಲೆ ಇಳಿಯಿತು.

ಏಳುವ ಮುಂಚೆ ಲೋಕೇಶನ ಕೈ ಹಿಡಿದುಕೊಂಡು ಹೇಳಿದ: "ನೋಡಪಾ, ಈ ಎಲಿ ಒಣಗೂತನಕ ಓಡಂಗಿಲ್ಲ, ಜಿಗಿಯಂಗಿಲ್ಲ, ಹೊಳಿಗೆ ಇಳಿಯಂಗಿಲ್ಲ. ಕೈ ಮ್ಯಾಲ ಕೈ ಹಾಕು."

ಲೋಕೇಶ ಕೈ ಹಾಕಿದ. ಎಷ್ಟು ದಿನಕ್ಕೆ ಒಣಗುತ್ತದೆ ಎಂದು ಕೇಳಿದ್ದಕ್ಕೆ ಮನ್ಸೂರಸಾಬ, ಕುರಿಯದಾದರೆ ವಾರದೊಳಗೆ ಕಟ್ಟಿಗೆಯಾಗುತ್ತದೆ ಎಂದ.

ಎಲೆಯನ್ನು ಬಚ್ಚಲ ಒಲೆಯ ಮೇಲೆ ತೂಗುಹಾಕಿದೆವು. ಅಡಿಗೆಮನೆಯಲ್ಲಿ ಈಗ ಗ್ಯಾಸು, ಹೊಗೆ ಎನ್ನುವುದು ಇದ್ದರೆ ಬಚ್ಚಲಲ್ಲೇ. ಅಂದಿನಿಂದ ಮನೆಯವರೆಲ್ಲರ ಮುಖ ಬಚ್ಚಲಿನ ಕಡೆ ತಿರುಗಿತು. ಬೆಳಗ್ಗೆ ಎದ್ದವರು ಮೊದಲು ಎಲೆ ನೋಡುವುದು, ಆಮೇಲೆ ಮುಖ ತೊಳೆಯುವುದು. ಕರಿಬಸಪ್ಪ ನೋಡದವನ ಹಾಗೆ ನೋಡುತ್ತಿದ್ದ. ಶಾಂತಾದೇವಿ ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಲೋಕೇಶ ಕೊಟ್ಟಿಗೆಯಿಂದ ಅಂಗಳಕ್ಕೆ, ಅಂಗಳದಿಂದ ರಸ್ತೆಗೆ ಓಡಾಡಿ, ಮೊಬೈಲಿನಲ್ಲಿ ಗೆಳೆಯರ ದೋಣಿಗಳನ್ನು ನೋಡಿ, ಮತ್ತೆ ಬಚ್ಚಲಿಗೆ ಬಂದು ಎಲೆಯನ್ನು ಬೈಯುತ್ತಿದ್ದ. ಮಲಗಿದರೆ ಕಾಲು ಅಲ್ಲಾಡಿಸುತ್ತಿದ್ದ. ಊಟ ಅರ್ಧಕ್ಕೇ ಸಾಕೆನ್ನುತ್ತಿದ್ದ, ಹೊಟ್ಟೆ ತುಂಬಿದ ಹಾಗಾಗುತ್ತದೆ ಎಂದು.

ವಾರ ಕಳೆಯಿತು, ಎಲೆ ಹಾಗೇ ಇತ್ತು. ಇನ್ನೊಂದು ವಾರವೂ ಕಳೆಯಿತು. ಗೀರುಗಳು ಮಾಯ್ದು ಕಂದು ಗೆರೆಯಾದವು, ಮೇಲೆ ಮಸಿ ಕೂತಿತು. ಮಸಿ ಒರೆಸಿದರೆ ಒಳಗೆ ಹಸಿರು. ಒಂದು ಬೆಳಗ್ಗೆ ನೋಡಿದರೆ ಬುಡದ ಕಡೆ ಜೋಳದ ಮೊಳಕೆಯಷ್ಟು ಉದ್ದದ ಎಳೆಯ ಕುಡಿಯೊಂದು ಮೂಡಿತ್ತು.

"ಆಯಿ, ಬಾ ಇಲ್ಲೆ, ನನ್ನ ಗಡ್ಡಿ ಮರಿ ಹಾಕೇತಿ," ಎಂದು ಲೋಕೇಶ ಕೂಗಿದ. ಅವನು ನಗುತ್ತಿದ್ದ. ಶಾಂತಾದೇವಿ ಅಡಿಗೆಮನೆಯಿಂದ ಓಡಿ ಬಂದು ಆ ಕುಡಿ ನೋಡಿ ಗೋಡೆ ಹಿಡಿದು ನಿಂತಳು.

ನಾನು ಲೋಳಸರವನ್ನು ಬಲ್ಲೆ. ದೃಷ್ಟಿಗೆಂದು ಬಾಗಿಲಿಗೆ ಬುಡ ಮೇಲಾಗಿ ಕಟ್ಟಿದ ಲೋಳಸರ ಮಣ್ಣಿಲ್ಲದೆ ನೀರಿಲ್ಲದೆ ವರ್ಷಗಟ್ಟಲೆ ಬದುಕುತ್ತದೆ, ಒಮ್ಮೊಮ್ಮೆ ಹೂವನ್ನೂ ಬಿಡುತ್ತದೆ. ಅದಕ್ಕೇ ಅದನ್ನು ಕಟ್ಟುವುದು. ಇದು ಒಣಗುವ ವಸ್ತುವೇ ಅಲ್ಲ ಎಂದು ಹೇಳಲು ಬಾಯಿ ತೆರೆದೆ, ಮತ್ತೆ ಮುಚ್ಚಿಕೊಂಡೆ. ಒಣಗದಿದ್ದರೂ ಒಳ್ಳೆಯದೇ, ಅದು ಹಸಿರಾಗಿರುವವರೆಗೆ ಹುಡುಗ ಮನೆಯಲ್ಲಿರುತ್ತಾನೆ, ಅಷ್ಟರಲ್ಲಿ ಕರಿಬಸಪ್ಪನ ಕೈಲಿ ಹೇಳಿಸಿ ಹುಬ್ಬಳ್ಳಿಗೆ ಕರೆದೊಯ್ಯೋಣ ಎಂಬುದು ನನ್ನ ಲೆಕ್ಕ.

ಸೊಸೆಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಮರುದಿನ ನಾನು ಗದ್ದೆಯ ಕಡೆ ಹೋಗಿದ್ದಾಗ ಅವಳು ಎಲೆಯನ್ನು ಇಳಿಸಿ, ಕುಡಿ ಚಿವುಟಿ, ರೊಟ್ಟಿಯ ಹಂಚಿನ ಮೇಲಿಟ್ಟು ಒತ್ತಿ ಒತ್ತಿ ಕಾಯಿಸಿದಳು. ಲೋಳೆಯೆಲ್ಲ ಸುಟ್ಟು ಎಲೆ ಹಳೆಯ ಚಪ್ಪಲಿಯ ಪಟ್ಟಿಯಂತಾಯಿತು. ಹೊಟ್ಟೆಯೊಳಗಿನದು ಒಣಗಲಿ, ಬೇಗ ಒಣಗಲಿ ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಅದನ್ನು ಮತ್ತೆ ದಾರಕ್ಕೆ ಕಟ್ಟಿ ತೂಗುಹಾಕಿದಳು. ಲೋಕೇಶ ಬಚ್ಚಲಿಗೆ ಹೋದ, ಒಣಗಿದ ಎಲೆ ನೋಡಿದ, ಚೀಲ ತೆಗೆದುಕೊಂಡು ಬೈಕು ಹತ್ತಿದ. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಧೂಳು ಕೂಡ ಅಡಗಿತ್ತು.

ನಾನು ಬಂದಾಗ ಅವಳು ಹಂಚು ಎದುರಿಗಿಟ್ಟುಕೊಂಡು ಕೂತಿದ್ದಳು. ಅವಳನ್ನು ಬೈಯಲಿಲ್ಲ. ಸೀರೆ ಬದಲಿಸಿಕೊಂಡು ರಸ್ತೆಗೆ ಬಂದೆ. ಕರಿಬಸಪ್ಪ ಕಬ್ಬಿನ ಗಾಡಿಯ ಜೊತೆ ಕಾರ್ಖಾನೆಯ ಸಾಲಿನಲ್ಲಿದ್ದ, ಅವನಿಗಾಗಿ ಕಾಯುವ ಹಾಗಿರಲಿಲ್ಲ. ಹಳಿಯಾಳಕ್ಕೆ ಹೋಗಿ ಮನ್ಸೂರಸಾಬನ ಅಂಗಡಿಯ ಮುಂದೆ ಸ್ವಲ್ಪ ದೂರದಲ್ಲಿ ನಿಂತೆ. ನಮ್ಮ ಜನ ಆ ಕಟ್ಟೆ ಹತ್ತುವುದಿಲ್ಲ. ಅವನೇ ಕೈ ತೊಳೆದುಕೊಂಡು ಇಳಿದು ಬಂದ. ಆದದ್ದನ್ನೆಲ್ಲ ಹೇಳಿದೆ. ಅವನು ಗಡ್ಡ ನೀವಿಕೊಂಡ.

"ಶಿವಗಂಗಕ್ಕಾ, ಖರೇ ಹೇಳ್ತೇನಿ. ನಿಮ್ಮಂಥ ಮನಿಯವರು ಬಂದಾಗೆಲ್ಲ ಎಲಿ ಕೊಯ್ದೇನಿ. ಒಣಗ್ತೋ ಇಲ್ಲೋ ಅಂತ ಒಬ್ಬರೂ ಹೊಳ್ಳಿ ಬಂದು ಹೇಳಲಿಲ್ಲ."

ಹುಡುಗ ನಿನಗೆ ಕೈ ಮೇಲೆ ಕೈ ಹಾಕಿದ್ದಾನೆ, ನಿನ್ನ ಮಾತೊಂದನ್ನೇ ಕೇಳುವುದು, ನಡೆ ಎಂದೆ. ಅವನು ಅಂಗಡಿಯನ್ನು ಮಗ ತಾರಿಕನಿಗೆ ಒಪ್ಪಿಸಿ, ತಲೆಗೆ ಟೋಪಿ ಇಟ್ಟುಕೊಂಡು ನನ್ನ ಜೊತೆ ಬಸ್ಸು ಹತ್ತಿದ.

ದಾಂಡೇಲಿಯವರೆಗೆ ಬಸ್ಸು ನಿಂತು ನಿಂತು ಹೋಯಿತು. ದಾಂಡೇಲಿಯಲ್ಲಿ ಜೋಯಿಡಾ ಕಡೆಯ ಬಸ್ಸಿಗೆ ಕಾದೆವು. ಚಾಲಕ ಚಹಾ ಕುಡಿದು, ಯಾರದೋ ಗೋಣಿಚೀಲ ಮೇಲೆ ಹಾಕಿಸಿ, ಮತ್ತೆ ಇಳಿದು ಯಾರನ್ನೋ ಮಾತಾಡಿಸಿ ಬಂದ. ಗುಂಡಿಯ ಮೇಲೆ ಚಕ್ರ ಹಾರಿದಾಗೆಲ್ಲ ನನ್ನ ಕೈ ತಾನಾಗಿ ನನ್ನ ಎಡಹೊಟ್ಟೆ ಹಿಡಿಯುತ್ತಿತ್ತು. ಇದೇ ರಸ್ತೆಯಲ್ಲಿ ಅವನು ಬೈಕಿನ ಮೇಲೆ ಹೋಗಿದ್ದಾನಲ್ಲ ಎಂದುಕೊಳ್ಳುತ್ತಿದ್ದೆ. ಮನ್ಸೂರಸಾಬ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದ. ನಡುವೆ ಒಮ್ಮೆ ಮಾತ್ರ ತನ್ನಷ್ಟಕ್ಕೆ ಎಂಬಂತೆ ಮಾತಾಡಿದ. ಆಗಿನ ಕೂಲಿಗಳಿಗೆ ಕಾಮಗಾರಿಯ ದವಾಖಾನೆಯಲ್ಲಿ ಚಳಿಜ್ವರದ ಗುಳಿಗೆಯನ್ನೂ ಕೊಡುತ್ತಿದ್ದರಂತೆ. ಗಡ್ಡಿ ಇಳಿಸಿದ್ದು ಆ ಗುಳಿಗೆಯೇ ಇರಬೇಕು, ಹೆಸರು ಅಪ್ಪನ ಚಾಕುವಿಗೆ ಬಂತು ಎಂದ.

ಗಣೇಶಗುಡಿಯಲ್ಲಿ ಇಳಿದು ಹೊಳೆಯ ದಂಡೆಗೆ ಬಂದರೆ ಲೋಕೇಶನ ದೋಣಿ ಆಗಲೇ ನೀರಿಗೆ ಬಿದ್ದಿತ್ತು. ದೋಣಿಗಳು ಬಂದು ನಿಲ್ಲುವ ಕಡೆ ಕಲ್ಲಿನ ಮೇಲೆ ಕೂತೆವು. ನೀರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮೇಲಿನ ತಿರುವಿನಲ್ಲಿ ದೋಣಿಯೊಂದು ಕಂಡರೆ ಎದ್ದು ನಿಲ್ಲುತ್ತಿದ್ದೆ, ಅವನಲ್ಲವೆಂದು ಕೂರುತ್ತಿದ್ದೆ. ಕೊನೆಗೆ ಒಂದು ದೋಣಿಯ ಹಿಂದುಗಡೆ ಅವನು ಕಂಡ. ದೋಣಿ ಬಂಡೆಯ ಮೇಲಿನಿಂದ ಜಾರಿ ನೊರೆಯಲ್ಲಿ ಮುಳುಗಿತು. ಎದ್ದಾಗ ಒಳಗಿದ್ದವರು ಒಬ್ಬರ ಮೇಲೆ ಒಬ್ಬರು ಬಿದ್ದಿದ್ದರು. ಒಬ್ಬ ದಪ್ಪನೆಯ ಮನುಷ್ಯನ ಮೊಣಕೈ ಅವನ ಹೊಟ್ಟೆಗೆ ತಾಗಿದ್ದನ್ನು ನಾನು ಕಂಡೆನೋ, ಕಂಡೆನೆಂದುಕೊಂಡೆನೋ, ಇವತ್ತಿಗೂ ಹೇಳಲಾರೆ. ಬಂಡಿಯ ಮೂಕಿಯೇ ಕಣ್ಣ ಮುಂದೆ ಬಂತು.

ದೋಣಿ ದಂಡೆಗೆ ತಾಗಿತು. ಎಲ್ಲರೂ ಕೇಕೆ ಹಾಕುತ್ತ ಇಳಿದರು. ಲೋಕೇಶ ಇಳಿಯದೆ ಅಂಚಿನ ಮೇಲೆ ಕೂತೇ ಇದ್ದ. ತುಟಿ ಸುಣ್ಣದಂತಿತ್ತು, ಕಣ್ಣು ಅರಿಶಿಣದಂತಿತ್ತು. ಎರಡು ದಿನದಿಂದ ನೆಗಡಿ ಜ್ವರ, ಮೂತ್ರ ಚಹಾದ ಬಣ್ಣಕ್ಕೆ ಹೋಗುತ್ತಿದೆ, ಮನೆಯಲ್ಲಿ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಮ್ಮನ್ನು ನೋಡಿದವನಿಗೆ ಸಿಟ್ಟೇ ಬಂತು.

"ಎಲಿ ಒಣಗೇತಿ ಚಾಚಾ. ಮಾತಿನಂಗ ಕೂತೆ, ಮಾತಿನಂಗ ಎದ್ದೆ."

"ಎಲಿ ನಿಮ್ಮವ್ವನ ಹಂಚಿನ ಮ್ಯಾಲ ಒಣಗೇತಿ," ಎಂದ ಮನ್ಸೂರಸಾಬ. ಅಲ್ಲೇ ಮರಳಿನ ಮೇಲೆ ಮಲಗಿಸಿ ಅವನ ಹೊಟ್ಟೆ ಮುಟ್ಟಿದ. ಈ ಸಲ ಬಹಳ ಹೊತ್ತು ಬೇಕಾಗಲಿಲ್ಲ. "ಮೊದಲಿಗಿಂತ ಕೆಳಗ ಬಂದೈತಿ. ಇದು ನನ್ನ ಕೆಲಸ ಅಲ್ಲಪಾ. ನನ್ನ ಮಾತು ನಾನ ಹೊಳ್ಳಿ ತಗೊಂಡೆ. ಈಗ ಡಾಕ್ಟರ ಮಾತು ಮುಗಿಯೂತನಕ ಹೊಳಿ ಇಲ್ಲ. ಹೋಗೂಣು ನಡಿ."

ಲೋಕೇಶ ಏಳಲು ಹೋಗಿ ತಲೆ ತಿರುಗಿ ಮತ್ತೆ ಕೂತ. ಆಮೇಲೆ ಅವನು ವಾದ ಮಾಡಲಿಲ್ಲ.

ಅವನ ಗೆಳೆಯರು ಜೀಪಿನಲ್ಲಿ ದಾಂಡೇಲಿಯ ಆಸ್ಪತ್ರೆಗೆ ಕರೆತಂದರು. ಅಲ್ಲಿಯ ಡಾಕ್ಟರು ರಕ್ತ ನೋಡಿ, ಇಷ್ಟು ಕಡಿಮೆ ರಕ್ತದಲ್ಲಿ ಇವನು ದೋಣಿ ನಡೆಸಿದ್ದು ಹೇಗೆ ಎಂದು ಆಶ್ಚರ್ಯಪಟ್ಟರು. ಚಳಿಜ್ವರದ ಹುಳು ರಕ್ತದಲ್ಲಿ ಸಿಗಲಿಲ್ಲ. ಅಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು, ಮೆಲ್ಲಗೆ ಹೋಗಿ ಎಂದು ಚಾಲಕನಿಗೆ ಎರಡೆರಡು ಸಲ ಹೇಳಿ. ಮನ್ಸೂರಸಾಬ ಹಳಿಯಾಳದಲ್ಲಿ ಇಳಿದ. ಶಾಂತಾದೇವಿ, ಕರಿಬಸಪ್ಪ ಅಲ್ಲಿ ಹತ್ತಿದರು.

ಹುಬ್ಬಳ್ಳಿಯಲ್ಲಿ ಅವನನ್ನು ನೋಡಿದ್ದು ಒಬ್ಬ ಹೆಣ್ಣುಮಗಳು, ರಕ್ತದ ಕಾಯಿಲೆಯ ಡಾಕ್ಟರು. ಬಲಮಗ್ಗುಲಿಗೆ ಮಲಗಿಸಿ, ಉಸಿರು ಎಳೆದುಕೋ ಎಂದು ಹೇಳಿ, ನಾನು ದೀಪಾವಳಿಯಲ್ಲಿ ಮುಟ್ಟಿದ ಜಾಗದಲ್ಲೇ ಬೆರಳಿಟ್ಟರು. ಇದಕ್ಕೆ ಗುಲ್ಮ ಎನ್ನುತ್ತಾರೆ, ಎಲ್ಲರಿಗೂ ಇರುತ್ತದೆ, ಆದರೆ ಮುಷ್ಟಿಯಷ್ಟಿದ್ದು ಪಕ್ಕೆಲುಬಿನೊಳಗೆ ಅಡಗಿರಬೇಕು, ಕೈಗೆ ಸಿಗಬಾರದು ಎಂದರು. ಅದು ದೊಡ್ಡದಾಗಿರುವುದೇ ಕಾಯಿಲೆಯಲ್ಲ, ಬೇರೆ ಯಾವುದೋ ಕಾಯಿಲೆಯಿಂದ ದೊಡ್ಡದಾಗಿರುತ್ತದೆ, ಅದು ಯಾವುದೆಂದು ಹುಡುಕಬೇಕು ಎಂದರು. ಚಳಿಜ್ವರವಿರಬಹುದು, ಯಕೃತ್ತಿನ ತೊಂದರೆಯಿರಬಹುದು, ರಕ್ತದ ಕ್ಯಾನ್ಸರಿನಲ್ಲೂ ಹೀಗಾಗುತ್ತದೆ, ಹುಟ್ಟಿನಿಂದ ಬಂದ ರಕ್ತದ ದೋಷವೂ ಇರಬಹುದು.

ಶಾಂತಾದೇವಿಗೆ ಆ ನಾಲ್ಕರಲ್ಲಿ ಒಂದೇ ಕೇಳಿಸಿತ್ತು. ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ರಕ್ತ ಹಾಕಿದರು, ರಕ್ತ ತೆಗೆದರು. ಹೊಟ್ಟೆಯ ಮೇಲೆ ತಣ್ಣನೆಯ ಯಂತ್ರ ಓಡಿಸಿ ಚಿತ್ರ ತೆಗೆದರು. ಬಾಗಿಲು ತೆರೆದಾಗಲೆಲ್ಲ ನಾವು ಮೂವರೂ ಎದ್ದು ನಿಲ್ಲುತ್ತಿದ್ದೆವು. ಕರೆಯುವುದು ಬೇರೆ ಯಾರನ್ನೋ ಆಗಿರುತ್ತಿತ್ತು. ಕರಿಬಸಪ್ಪ ಮೆಟ್ಟಿಲು ಇಳಿಯುತ್ತಿದ್ದ, ಹತ್ತುತ್ತಿದ್ದ. ಸೊಸೆ ಬೆರಳುಗಳ ನೆಟಿಕೆ ತೆಗೆದು ತೆಗೆದು ಮತ್ತೆ ತೆಗೆಯಲು ಏನೂ ಉಳಿದಿರಲಿಲ್ಲ. ಮನೆಯಲ್ಲಾದರೆ ನೋಡಲು ಆ ಎಲೆಯಾದರೂ ಇತ್ತು. ಇಲ್ಲಿ ಏನನ್ನು ನೋಡಿಕೊಂಡಿರಬೇಕು ಎಂದು ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಡಾಕ್ಟರಮ್ಮ ನಮ್ಮನ್ನೆಲ್ಲ ಒಳಗೆ ಕೂರಿಸಿಕೊಂಡು, ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಕಣ್ಣು ಹಳದಿ ಇತ್ತೇ ಎಂದು ಕೇಳಿದರು. ಕರಿಬಸಪ್ಪ ನನ್ನ ಮುಖ ನೋಡಿದ. ನಾನು ನಮ್ಮಪ್ಪನಿಂದ ಶುರು ಮಾಡಿದೆ. ಮನೆತನದ ಕಣ್ಣು ಎಂದೆ. ಅಡಿವೆಪ್ಪಣ್ಣನ ಗಡ್ಡಿ, ಬಂಡಿಯ ಮೂಕಿ, ಎಡಭುಜ, ಒಂದನ್ನೂ ಬಿಡದೆ ಹೇಳಿದೆ. ಕರಿಬಸಪ್ಪ ಮೂವತ್ತೂ ತುಂಬದ ವಯಸ್ಸಿನಲ್ಲಿ ಪಿತ್ತಕೋಶದ ಹರಳು ತೆಗೆಸಿಕೊಂಡದ್ದನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಆಮೇಲೆ ಕರಿಬಸಪ್ಪನ ಕಣ್ಣರೆಪ್ಪೆ ಎತ್ತಿ ನೋಡಿದರು, ನನ್ನದನ್ನೂ ನೋಡಿದರು.

"ಅಜ್ಜೀ, ನಿಮ್ಮಣ್ಣಗ ಏನಾತು ಹೇಳ್ತೇನಿ," ಎಂದರು. "ದೊಡ್ಡದಾದ ಗುಲ್ಮಕ್ಕ ಪೆಟ್ಟು ಬಿದ್ರ ಒಳಗ ಒಡೀತೈತಿ, ಹೊಟ್ಟಿ ತುಂಬ ರಕ್ತ ಆಗತೈತಿ. ಆ ರಕ್ತ ಎದಿ ಕೆಳಗಿನ ಪೊರಿಗೆ ತಾಗಿದ್ರ ನೋವು ಎಡಭುಜದಾಗ ಕಾಣಿಸ್ಕೋತೈತಿ. ಅದು ದೆವ್ವ ಅಲ್ರಿ."

ಆ ಭುಜವನ್ನು ನಾನೇ ತಿಕ್ಕಿದ್ದು. ನನ್ನ ಅಂಗೈಯನ್ನು ನೋಡಿಕೊಂಡು ಕೂತೆ. ಎಷ್ಟೋ ಕಾಲದಿಂದ ಅದರೊಳಗೆ ಕೂತಿದ್ದದ್ದು ಆ ಮಧ್ಯಾಹ್ನ ಎದ್ದು ಹೋದ ಹಾಗಾಯಿತು.

ಅವರು ಲೋಕೇಶನಿಗೆ ತಿಳಿಸಿ ಹೇಳಿದರು. ರಕ್ತದ ಕೆಂಪು ಕಣ ರೊಟ್ಟಿಯ ಹಾಗೆ ಚಪ್ಪಟೆ ಇರಬೇಕು, ನಿಮ್ಮ ಮನೆತನದವರದು ಕಾಳಿನ ಹಾಗೆ ಗುಂಡಗಿದೆ. ಗುಲ್ಮವೆಂದರೆ ಹಿಟ್ಟು ಜರಡಿ ಹಿಡಿಯುವ ಸಾಣಿಗೆ ಇದ್ದ ಹಾಗೆ. ಚಪ್ಪಟೆಯವು ಬಾಗಿ ಬಳುಕಿ ದಾಟಿಹೋಗುತ್ತವೆ, ಗುಂಡಗಿನವು ಸಿಕ್ಕಿಕೊಂಡು ಒಡೆಯುತ್ತವೆ. ಒಡೆದದ್ದರ ಬಣ್ಣವೇ ಕಣ್ಣಿನಲ್ಲಿ ಕಾಣುವುದು, ಅದೇ ಪಿತ್ತಕೋಶದಲ್ಲಿ ಹರಳು ಕಟ್ಟುವುದು. ಲೋಕೇಶನಿಗೂ ಹರಳು ಇವೆ. ಒಡೆದು ಒಡೆದು ಸಾಣಿಗೆಯೇ ಬೆಳೆದುಬಿಟ್ಟಿದೆ. ಇನ್ನೊಂದು ತಪಾಸಣೆಯ ಉತ್ತರ ಬಂದರೆ ಗಟ್ಟಿಯಾಗುತ್ತದೆ, ಆದರೆ ಕ್ಯಾನ್ಸರ್ ಅಲ್ಲ. ಅಷ್ಟು ಕೇಳಿದ್ದೇ ತಡ, ಶಾಂತಾದೇವಿ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಉತ್ತರವೂ ಆಮೇಲೆ ಹಾಗೆಯೇ ಬಂತು.

ಇವನಿಗೆ ಆ ಸಾಣಿಗೆಯನ್ನು ತೆಗೆಯುವುದೇ ಒಳ್ಳೆಯದು ಎಂದರು. ಗುಂಡಗಿನ ಕಣ ಗುಂಡಗೇ ಉಳಿಯುತ್ತದೆ, ಆದರೆ ಒಡೆಯುವವರು ಇರುವುದಿಲ್ಲ.

ಲೋಕೇಶ ಕೇಳಿದ್ದು ಒಂದೇ: "ತೆಗೆದ ಮ್ಯಾಲೆ ಹೊಳಿಗೆ ಇಳೀಬಹುದೇನ್ರಿ?"

"ಇಟ್ಕೊಂಡು ಇಳಿದ್ರ ಒಂದಿನ ಅಲ್ಲೇ ಉಳೀತಿ. ತೆಗೆದು, ಗಾಯ ಪೂರಾ ಮಾಯ್ದ ಮ್ಯಾಲೆ ಇಳಿ," ಎಂದರು ಡಾಕ್ಟರಮ್ಮ. "ಆದ್ರ ಒಂದು ಮಾತು ತಲಿಯಾಗ ಇಟ್ಕೋ. ಗುಲ್ಮ ರಕ್ತದ ಕಾವಲುಗಾರನೂ ಹೌದು. ಅದು ಹೋದ ಮ್ಯಾಲೆ ನಿನಗ ಜ್ವರ ಅಂದ್ರ ಬರೀ ಜ್ವರ ಅಲ್ಲ. ಬೇರು ಕುಡಿದು ಮಲಗಂಗಿಲ್ಲ. ಅವತ್ತ, ಆಗಿಂದಾಗ ಆಸ್ಪತ್ರಿ."

ಅವನು ತಲೆ ಅಲ್ಲಾಡಿಸಿದ. ಮನ್ಸೂರಸಾಬನಿಗೆ ಕೊಟ್ಟ ಹಾಗೆ ಕೈ ಮುಂದೆ ಮಾಡಿದ. ಅವರಿಗೆ ಅರ್ಥವಾಗದೆ ಕೈ ಕುಲುಕಿದರು.

ಕೊಯ್ಯುವ ಮುಂಚೆ ಕೆಲವು ಲಸಿಕೆ ಕೊಡಬೇಕಿತ್ತು, ಅವು ಮೈಗೆ ಹತ್ತಲು ವಾರಗಳು ಬೇಕಿದ್ದವು. ಮನೆಗೆ ಬಂದು ಮತ್ತೆ ಕಾದೆವು. ಬೈಕಿನ ಕೀಲಿ ನನ್ನ ಸೊಂಟದಲ್ಲಿತ್ತು. ಲೋಕೇಶ ಕೊಟ್ಟಿಗೆಯಿಂದ ಅಂಗಳಕ್ಕೆ, ಅಂಗಳದಿಂದ ಕೊಟ್ಟಿಗೆಗೆ ಓಡಾಡುತ್ತಿದ್ದ, ಆದರೆ ರಸ್ತೆಗೆ ಹೋಗುತ್ತಿರಲಿಲ್ಲ. ಒಂದು ಸಂಜೆ ನನ್ನ ಪಕ್ಕ ಕೂತು, ಆಪರೇಷನ್ ಟೇಬಲ್ಲಿನ ಮೇಲೇ ಏನಾದರೂ ಆದರೆ ಎಂದು ಕೇಳಿದ. ಹೊಳೆಯ ನೊರೆಗೆ ಹೆದರದವನು ಕೇಳಿದ ಮಾತು ಅದು. ಅವನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ, ಅದು ಉಸಿರಿನೊಂದಿಗೆ ಬಂದು ಮುಟ್ಟುತ್ತಿತ್ತು, ಹೋಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಆಯಿತು. ಬೆಳಗ್ಗೆ ಒಳಗೆ ಕರೆದೊಯ್ದವರು ಮಧ್ಯಾಹ್ನ ದಾಟಿದರೂ ಹೊರಗೆ ಬರಲಿಲ್ಲ. ಮನ್ಸೂರಸಾಬನೂ ಬಂದಿದ್ದ, ದೂರದ ಬೆಂಚಿನಲ್ಲಿ ಕೂತಿದ್ದ. ಕೊನೆಗೆ ಕೊಯ್ದ ಡಾಕ್ಟರು ಸ್ಟೀಲಿನ ತಟ್ಟೆಯೊಂದನ್ನು ತಂದು, ಮನೆಯವರು ನೋಡಿ ಎಂದರು. ಕರಿಬಸಪ್ಪ ಮುಖ ತಿರುಗಿಸಿದ. ಸೊಸೆ ಕಣ್ಣು ಮುಚ್ಚಿದಳು. ನಾನು ನೋಡಿದೆ. ನೇರಳೆ ಬಣ್ಣದ, ನುಣ್ಣನೆಯ, ನನ್ನ ಎರಡು ಅಂಗೈ ಸೇರಿಸಿದರೂ ಹಿಡಿಯದಷ್ಟು ದೊಡ್ಡದು. ಅಂಚಿನಲ್ಲಿ ಒಂದು ಕಚ್ಚು ಇತ್ತು, ಅದನ್ನು ನನ್ನ ಬೆರಳು ಎಣ್ಣೆಯಲ್ಲಿ ಗುರುತಿಸಿತ್ತು. ಮನ್ಸೂರಸಾಬ ಎದ್ದು ಬಂದು ಹೆಗಲ ಮೇಲಿನಿಂದ ಇಣುಕಿ ನೋಡಿದ.

"ಇಂಥಾದ್ದಕ್ಕ ನಾ ಎಲಿ ಕೊಯ್ದೆನಲ್ಲಕ್ಕ," ಎಂದು ಮೆಲ್ಲಗೆ ಹೇಳಿದ. ಈಗ ಅವನ ಬಾಗಿಲಿಗೆ ಯಾರಾದರೂ ಗಡ್ಡಿ ಎಂದು ಬಂದರೆ, ಮೊದಲು ರಕ್ತ ತೋರಿಸಿಕೊಂಡು ಬರ್ರಿ ಎನ್ನುತ್ತಾನಂತೆ.

ಲೋಕೇಶ ಮನೆಗೆ ಬಂದ ಮೇಲೆ ಒಂದು ಬೆಳಗ್ಗೆ ಹಲ್ಲುಜ್ಜುತ್ತ ನನ್ನ ಕಡೆ ತಿರುಗಿದ. ಯಾರದೋ ಮುಖ ಎನಿಸಿತು. ಕಣ್ಣು ಬೆಳ್ಳಗಿತ್ತು, ಹಾಲಿನ ಹಾಗೆ. ಅಪ್ಪ, ಅಣ್ಣ, ಮಗ, ಯಾರಲ್ಲೂ ಕಾಣದ ಬಿಳಿ. ಸಂತೋಷವೂ ಆಯಿತು, ಏನೋ ಕಳೆದುಕೊಂಡ ಹಾಗೂ ಆಯಿತು. ರಕ್ತ ಅದೇ, ಅವನ ಮಕ್ಕಳಿಗೂ ಬರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಆದರೆ ಆಗ ಅದಕ್ಕೆ ಹೆಸರಿರುತ್ತದೆ. ಸನವಳ್ಳಿಯ ಅಡಿವೆಪ್ಪಣ್ಣನ ಮೊಮ್ಮಕ್ಕಳಿಗೂ ಹೇಳಿ ಕಳಿಸಿದೆವು, ಇಬ್ಬರು ಹೋಗಿ ರಕ್ತ ತೋರಿಸಿಕೊಂಡು ಬಂದರು.

ಯುಗಾದಿ ಮುಗಿದು ಬಿಸಿಲು ಬಲಿತಾಗ, ಇನ್ನು ಹೋಗಬಹುದು ಎಂದು ಹುಬ್ಬಳ್ಳಿಯಿಂದ ಮಾತು ಬಂತು. ಶಾಂತಾದೇವಿ ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆಯ ಡಬ್ಬಿಯನ್ನು ಚೀಲದಲ್ಲಿಟ್ಟಳು, ತೆಗೆದಳು, ಒಳಜೇಬಿನಲ್ಲಿಟ್ಟಳು. ಜ್ವರ ಬಂದರೆ ಎಂದು ಶುರು ಮಾಡಿದಳು. ಅವನು ಅವಳ ಮಾತನ್ನು ತಾನೇ ಮುಗಿಸಿದ, ಆಗಿಂದಾಗ ಆಸ್ಪತ್ರೆ ಎಂದು. ನಾನು ಸೊಂಟದ ಕೀಲಿ ಬಿಚ್ಚಿ ಕೊಟ್ಟೆ. ಅವತ್ತು ಸೋಮವಾರ, ಬಸವಣ್ಣನ ವಾರವೆಂದು ನಾವು ಎತ್ತು ಹೂಡದ ದಿನವಾದ್ದರಿಂದ ಕರಿಬಸಪ್ಪನೂ ಮನೆಯಲ್ಲಿದ್ದ, ರಸ್ತೆಯವರೆಗೆ ಬೈಕಿನ ಪಕ್ಕ ನಡೆದು ಹೋದ. ಬೈಕಿನ ಸದ್ದು ದಾಂಡೇಲಿ ರಸ್ತೆಯ ತಿರುವಿನಲ್ಲಿ ಅಡಗುವವರೆಗೆ ನಾವು ಮೂವರೂ ಅಲ್ಲಲ್ಲೇ ನಿಂತಿದ್ದೆವು.